ಯೆಜ್ಡಿಗೆ ಜಾವಾದ ಮುಖವೇಕೆ?

ಹಳೆಯ ಮೋಟಾರ್ ಸೈಕಲ್ಲಿಗೆ ಬೇರೊಂದು ವರ್ಷದ ಮಾದರಿಯ ಟ್ಯಾಂಕು, ಮಡ್‌ಗಾರ್ಡು, ಹೆಡ್‌ಲೈಟ್ ಡೂಮುಗಳನ್ನು ಕೂಡಿಸುವುದು ಸರಿಯೇ, ತಪ್ಪೇ? ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಬೋಧಿಸಿ ನಿವೃತ್ತನಾದ ಮೇಷ್ಟರಿಗೆ ಈ ಗೊಡವೆ ಏಕೆಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಇಬ್ಬರು. ಇಬ್ಬರೂ ಈ ಬರಹಗಳನ್ನು ಓದುವವರೇ. ಒಬ್ಬ ನನ್ನ ಹಳೆಯ ವಿದ್ಯಾರ್ಥಿ, ಶಿರಾದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಇನ್ನೊಬ್ಬ ನನ್ನ ಅಕ್ಕನ ಮಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಇಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಹೇಳುವುದಕ್ಕಿಂತ ಬರೆದುಬಿಡುವುದೇ ಮೇಲೆನಿಸಿತು. ಬರೆದರೆ ನಡುವೆ ಯಾರೂ ಬಾಯಿ ಹಾಕುವಂತಿಲ್ಲ ಎಂಬ ಅನುಕೂಲವೂ ಉಂಟು.

ಸಂಗತಿ ಇಷ್ಟೇ. ನಮ್ಮ ಭಾವನವರು 1974ರಲ್ಲಿ ಒಂದು ಯೆಜ್ಡಿ ಕೊಂಡಿದ್ದರು. ಕಡಲೆಕಾಯಿ ಮಂಡಿಯ ವ್ಯಾಪಾರ ಅವರದು. ಶಿರಾದಿಂದ ಮಧುಗಿರಿ, ಪಾವಗಡ, ಕೊರಟಗೆರೆಗಳ ಹಳ್ಳಿಹಳ್ಳಿಗೂ ಅವರು ತಿರುಗಿದ್ದು ಆ ಗಾಡಿಯ ಮೇಲೆಯೇ. ಅವರು ತೀರಿಕೊಂಡ ಮೇಲೆ ಅದು ಹಿತ್ತಲಿನ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಈಗ ಮಗನಿಗೆ ಅದನ್ನು ಓಡಿಸುವ ಆಸೆ ಹುಟ್ಟಿದೆ, ಸಂತೋಷ. ಆದರೆ ಯೆಜ್ಡಿಯಾಗಿ ಅಲ್ಲ. ಕುಂಕುಮಗೆಂಪು ಬಣ್ಣ, ಟ್ಯಾಂಕಿನ ಎರಡೂ ಮಗ್ಗುಲಿಗೆ ಫಳಫಳಿಸುವ ಕ್ರೋಮು, ಮೊಣಕಾಲು ತಾಗುವಲ್ಲಿ ಕಪ್ಪು ರಬ್ಬರು, ಮೇಲೆ ಜಾವಾ ಎಂಬ ಲಾಂಛನ ಇರುವ ಅರವತ್ತರ ದಶಕದ ಜಾವಾ ಅದು ಆಗಬೇಕಂತೆ. ಗ್ಯಾರೇಜಿನ ನನ್ನ ವಿದ್ಯಾರ್ಥಿಯ ಬಳಿ ಪಾವಗಡದ ಕಡೆಯಿಂದ ಬಂದ ಒಂದು ನಿಜವಾದ ಜಾವಾ ಟ್ಯಾಂಕೂ ಡೂಮೂ ಇವೆ. ಆತ ಕೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಸಾರ್, ಗಿರಾಕಿ ಕೇಳ್ತಾರೆ, ನಾನು ಮಾಡ್ಕೊಡ್ತೀನಿ. ಯಾರಿಗೂ ಮೋಸ ಇಲ್ಲ. ಆದ್ರೂ ಆ ಟ್ಯಾಂಕು ಬಿಚ್ಚೋಕೆ ಯಾಕೋ ಕೈ ಬರ್ತಿಲ್ಲ. ಇದ್ರಲ್ಲಿ ತಪ್ಪೇನೈತೆ ಹೇಳಿ."

ಇದು ಸುಲಭದ ಪ್ರಶ್ನೆಯಲ್ಲ. ಮಾರಾಟದ ಮೋಸವಿದ್ದಿದ್ದರೆ ಒಂದೇ ಸಾಲಿನಲ್ಲಿ ಬೈದು ಮುಗಿಸಬಹುದಿತ್ತು. ಇಲ್ಲಿ ಗಾಡಿ ಮನೆಯದು, ಹಣ ಮಗನದು, ಇಷ್ಟವೂ ಅವನದೇ.

ಗಾಡಿಯ ಹಿನ್ನೆಲೆಯನ್ನು ಮೊದಲು ಹೇಳಬೇಕು. ಕಿರಿಯರಲ್ಲಿ ಅನೇಕರಿಗೆ ಗೊತ್ತಿರಲಾರದು. ಜಾವಾ ಮೂಲತಃ ಚೆಕ್ ದೇಶದ್ದು. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡಾಗ ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ಆದ ಹೆಸರು ಅದು. ನಮ್ಮಲ್ಲಿಗೆ ಅದನ್ನು ತಂದವರು ಪಾರ್ಸಿ ಉದ್ಯಮಿಗಳಾದ ಇರಾನಿ ಕುಟುಂಬದವರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿಗಳನ್ನು ಹೊರತರತೊಡಗಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿಗಳ ಪೂರ್ವಿಕರ ಊರಾದ ಯಾಜ್ದ್ ಎಂಬುದರಿಂದ ಆ ಹೆಸರು ಎನ್ನುತ್ತಾರೆ. ಹೆಸರು ಬದಲಾದರೂ ಕಾರ್ಖಾನೆ ಅದೇ, ಕೆಲಸಗಾರರು ಅವರೇ, ಗಾಡಿಯ ಎಲುಬುಗೂಡೂ ಹೆಚ್ಚುಕಡಿಮೆ ಅದೇ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕರಿಗೂ ಗೇರಿಗೂ ಒಂದೇ ಲಿವರು, ಪೆಟ್ರೋಲಿನ ಜೊತೆ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಎಂಜಿನ್ ಎಲ್ಲವೂ ಹಾಗೆಯೇ ಮುಂದುವರಿದವು. ಹೊರಮೈ ಮಾತ್ರ ಬರಬರುತ್ತಾ ಬದಲಾಯಿತು. 1978ರ ರೋಡ್‌ಕಿಂಗ್ ಬಂದಾಗ ಮೈಕಟ್ಟೇ ಬೇರೆಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಈ ಕೊನೆಯ ವಾಕ್ಯದಲ್ಲೇ ನಮ್ಮ ಪ್ರಶ್ನೆಯ ಬೇರಿದೆ. ಕಾರ್ಖಾನೆ ಮುಚ್ಚಿದ ಮೇಲೆ ಆ ಗಾಡಿಗಳಿಗೆ ತವರಿಲ್ಲ. ಒಂದು ಗಾಡಿ ಬದುಕಬೇಕಾದರೆ ಇನ್ನೊಂದರ ಅಂಗವೇ ಬೇಕು. 1966ರ ಮಡ್‌ಗಾರ್ಡು 1976ರ ಗಾಡಿಗೆ, 1976ರ ಟೂಲ್ ಬಾಕ್ಸಿನ ಮುಚ್ಚಳ 1968ರದಕ್ಕೆ. ಬೋಲ್ಟಿನ ತೂತುಗಳು ಬಹುಪಾಲು ಹೊಂದುತ್ತವೆ. ಹೊಂದದ ಕಡೆ ನಮ್ಮ ಮೆಕ್ಯಾನಿಕ್ಕುಗಳು ಹೊಂದಿಸುತ್ತಾರೆ. ಇದರಲ್ಲಿ ತಪ್ಪು ಹುಡುಕುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ನಟ್ಟುಬೋಲ್ಟು ಸಹಿತ ಎಲ್ಲವೂ ಅದೇ ವರ್ಷದ್ದೇ ಇರಬೇಕೆಂದು ವ್ರತ ಹಿಡಿದ ಕೆಲವರಿದ್ದಾರೆ. ನನಗೆ ತಿಳಿದ ಒಬ್ಬರ ಮನೆಯಲ್ಲಿ ಒಂದು ಒಳ್ಳೆಯ ಜಾವಾ 'ಒರಿಜಿನಲ್' ಸೀಟು ಸಿಗಲಿ ಎಂದು ಕಾಯುತ್ತಾ ಒಂಬತ್ತು ವರ್ಷ ನಿಂತಿತು. ಸೀಟಿರಬೇಕಾದ ಜಾಗದಲ್ಲಿ ಕೋಳಿ ಮೊಟ್ಟೆಯಿಟ್ಟದ್ದನ್ನು ನಾನೇ ನೋಡಿದ್ದೇನೆ. ಓಡಬೇಕಾದ ಗಾಡಿ ಓಡಲಿ.

ನನ್ನ ಸ್ವಂತ ಯೆಜ್ಡಿಯೂ ಸಂಕರವೇ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಎರಡು ಮೂರು ವರ್ಷಕ್ಕೆ, 1987ರಲ್ಲಿ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅದರಲ್ಲಿ ಹಿಂದಿನ ಚೀಟಿಗಳನ್ನು ಕಳೆದುಕೊಳ್ಳದ ನಿಮ್ಮ ಮೇಷ್ಟರನ್ನು ಎಷ್ಟೋ ವಿದ್ಯಾರ್ಥಿಗಳು ನೋಡಿದ್ದೀರಿ. ಮುಂದಿನ ಮಡ್‌ಗಾರ್ಡು ಮಧುಗಿರಿಯ ಗುಜರಿಯಲ್ಲಿ ಸಿಕ್ಕ ಹಳೆಯ ಜಾವಾದ್ದು. ಸೀಟು ರೋಡ್‌ಕಿಂಗಿನದು, ನನ್ನಾಕೆಯ ಬೆನ್ನುನೋವಿನ ಫಲ. ಆದರೆ ಇವೆಲ್ಲ ಒಂದು ನೂರು ಹಾಳೆಯ ನೋಟ್ ಪುಸ್ತಕದಲ್ಲಿ ತಾರೀಖು ಸಹಿತ ಬರೆದಿವೆ. ಯಾವುದನ್ನು ಬಿಚ್ಚಿದೆ, ಯಾವುದನ್ನು ಹಾಕಿದೆ, ಎಷ್ಟು ಕೊಟ್ಟೆ ಎಂಬುದೆಲ್ಲ ಅಲ್ಲಿದೆ. ಹಾಜರಿ ಪುಸ್ತಕ ಬರೆದ ಕೈ, ಚಟ ಬಿಡುವುದಿಲ್ಲ.

ಹಾಗಾದರೆ ಸೋದರಳಿಯನಿಗೆ ಮಾತ್ರ ಏಕೆ ಅಡ್ಡಿ? ಬಿಡಿಭಾಗಗಳು ಬದಲಾದ ಮೇಲೆ ಗಾಡಿ ಅದೇ ಗಾಡಿಯೇ ಎಂಬುದು ಬಹಳ ಹಳೆಯ ಜಿಜ್ಞಾಸೆ. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳಿದ್ದು ಇದನ್ನೇ: ನೀನು ಬಂದ ರಥವೆಂದರೆ ಯಾವುದು, ಚಕ್ರವೇ, ಅಚ್ಚೇ, ಈಸೇ? ಇವು ಯಾವುವೂ ಅಲ್ಲ, ಇವೆಲ್ಲ ಕೂಡಿದಾಗ ನಾವಿಟ್ಟ ಹೆಸರಷ್ಟೇ ರಥ ಎಂದು ಅಲ್ಲಿಯ ತೀರ್ಮಾನ. ನಮ್ಮ ಕಾಲಕ್ಕೆ ಹತ್ತಿರದ್ದು ಗಿರೀಶ ಕಾರ್ನಾಡರ 1971ರ 'ಹಯವದನ'. ದೇವದತ್ತನ ತಲೆ ಕಪಿಲನ ಮೈಗೆ, ಕಪಿಲನ ತಲೆ ದೇವದತ್ತನ ಮೈಗೆ ಕೂತಾಗ ಪದ್ಮಿನಿ ಯಾರ ಹೆಂಡತಿ ಎಂಬ ಜಗಳ. ಅಲ್ಲಿ ತಲೆಯೇ ಪ್ರಧಾನವೆಂದು ತೀರ್ಪಾಗುತ್ತದೆ. ಆರ್.ಟಿ.ಓ. ಕಚೇರಿಯ ತೀರ್ಪು ಇದಕ್ಕೆ ತದ್ವಿರುದ್ಧ. ಮುಖ ಯಾವುದಾದರೂ ಇರಲಿ, ಅವರಿಗೆ ಮೈಯೇ ಪ್ರಧಾನ. ಚಾಸಿಯ ಮೇಲೆ ಕೊರೆದ ನಂಬರು ಏನು ಹೇಳುತ್ತದೋ ಗಾಡಿ ಅದೇ. ಈ ವಿಷಯದಲ್ಲಿ ನಾನು ಆರ್.ಟಿ.ಓ. ಪಕ್ಷ.

ಈ ಅದಲುಬದಲಿನ ಉದ್ದೇಶ ಕಾಲಕಾಲಕ್ಕೆ ಹೇಗೆ ತಿರುಗುಮುರುಗಾಯಿತು ಎಂಬುದು ಸ್ವಾರಸ್ಯಕರವಾಗಿದೆ. ಎಂಬತ್ತರ ದಶಕದಲ್ಲಿ ಶಿರಾ ಬಸ್ ನಿಲ್ದಾಣದ ಹೊರಗೆ ಬಾಡಿಗೆಗೆ ನಿಲ್ಲುತ್ತಿದ್ದ ಅಂಬಾಸಿಡರ್ ಕಾರುಗಳು ಹಿರಿಯರಿಗೆ ನೆನಪಿರಬಹುದು. 1958ರಿಂದ 2014ರವರೆಗೆ ತಯಾರಾದ ಆ ಕಾರಿನ ಮೂಲ ಆಕಾರ ಕೊನೆಯವರೆಗೂ ಹೆಚ್ಚು ಬದಲಾಗಲಿಲ್ಲ. ಮುಂದಿನ ಜಾಲರಿ, ದೀಪ, ಬಂಪರುಗಳು ಮಾತ್ರ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಬದಲಾಗುತ್ತಾ ಹೋದವು. ಅರವತ್ತರ ದಶಕದ ಮಾರ್ಕ್ 2 ಇದ್ದ ಚಾಲಕ ಒಂದಿಷ್ಟು ದುಡ್ಡು ಕೂಡಿದೊಡನೆ ಅದಕ್ಕೆ ಮಾರ್ಕ್ 4ರ ಮುಖ ಹಾಕಿಸುತ್ತಿದ್ದ. ಮದುವೆ ದಿಬ್ಬಣದವರು ಹೊಸ ಕಾರನ್ನೇ ಕೇಳುತ್ತಿದ್ದರಲ್ಲ! ಜಾವಾಗಳಿಗೂ ಅದೇ ಗತಿ. ಹಳೆಯ ಟ್ಯಾಂಕು ನಾಚಿಕೆಯ ವಸ್ತುವಾಗಿ ಗುಜರಿಗೆ ಹೋಗುತ್ತಿತ್ತು. ಅದರಲ್ಲಿ ಸೀಮೆಎಣ್ಣೆ ತುಂಬಿಟ್ಟವರನ್ನೂ ನಾನು ಬಲ್ಲೆ. ಅಂದು ಹಳೆಯದು ಹೊಸದರಂತೆ ಕಾಣಬೇಕಿತ್ತು. ಇಂದು ಹೊಸದು ಹಳೆಯದರಂತೆ ಕಾಣಬೇಕಾಗಿದೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ಮೆರವಣಿಗೆ ನಡೆಯುತ್ತದೆ. 2018ರಲ್ಲಿ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನಲ್ಲಿ ಹೊಸ ಗಾಡಿ ತಂದ ಮೇಲಂತೂ ಹಳೆಯದರ ಬೆಲೆ ಏರಿತು. ಅದೇ ಕಂಪನಿ 2022ರಲ್ಲಿ ಯೆಜ್ಡಿ ಹೆಸರನ್ನೂ ತಂದಿತು. ಆದರೂ ಮಾರುಕಟ್ಟೆಯಲ್ಲಿ ಮಾನ್ಯತೆ ಜಾವಾ ಟ್ಯಾಂಕಿಗೇ ಹೆಚ್ಚು.

ಇದು ನಮ್ಮ ದೇಶದ್ದೇ ಹುಚ್ಚು ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಅರವತ್ತರ ದಶಕದ ಭಾರೀ ಎಂಜಿನ್ನಿನ ಕಾರುಗಳನ್ನು ಮಸಲ್ ಕಾರ್ ಎನ್ನುತ್ತಾರೆ. ಅವುಗಳಲ್ಲಿ ಹೆಸರಾದ ಪಾಂಟಿಯಾಕ್ ಜಿ.ಟಿ.ಓ. 1964ರಲ್ಲಿ ಬೇರೆಯೇ ಕಾರಾಗಿರಲಿಲ್ಲ. ಲಿಮಾನ್ಸ್ ಎಂಬ ಸಾಧಾರಣ ಕಾರಿಗೆ ಹೆಚ್ಚು ಹಣ ಕೊಟ್ಟರೆ ಸಿಗುತ್ತಿದ್ದ ದೊಡ್ಡ ಎಂಜಿನ್ ಮತ್ತಿತರ ಸಲಕರಣೆಗಳ ಕಟ್ಟು. ಹೀಗಾಗಿ ಇಂದು ಲಿಮಾನ್ಸ್ ಕಾರಿಗೆ ಜಿ.ಟಿ.ಓ.ದ ಬಾನೆಟ್ಟು, ಜಾಲರಿ, ಅಕ್ಷರಗಳನ್ನು ಕೂಡಿಸಿ ಜಿ.ಟಿ.ಓ. ಮಾಡುವವರು ಬೇಕಾದಷ್ಟು. ಪ್ರಾಮಾಣಿಕರು ಅದನ್ನು 'ಕ್ಲೋನ್' ಎಂದೇ ಹೇಳಿ ಮಾರುತ್ತಾರೆ. ಅದು ಮರ್ಯಾದೆಯ ಮಾತು. ಬೆಂಗಳೂರಿನ ಲಾಲ್‌ಬಾಗಿಗೆ ನಮ್ಮ ಶಿರಾದ ಖಾನ್ ಬಾಗ್ ಸ್ಫೂರ್ತಿಯೆಂದು ಗೆಜೆಟಿಯರುಗಳು ಹೇಳುತ್ತವೆ. ಲಾಲ್‌ಬಾಗು ಲಾಲ್‌ಬಾಗೇ ಆಗಿ ಬೆಳೆಯಿತು. ತಾನು ಖಾನ್ ಬಾಗೆಂದು ಎಂದೂ ಹೇಳಿಕೊಳ್ಳಲಿಲ್ಲ.

ಈಗ ನನ್ನ ಆಕ್ಷೇಪಣೆಗೆ ಬರುತ್ತೇನೆ. ಒಂದು ಯೆಜ್ಡಿ ಜಾವಾ ಆದಾಗ ಜಗತ್ತಿನಲ್ಲಿ ಒಂದು ಜಾವಾ ಹೆಚ್ಚಾಗುವುದಿಲ್ಲ, ಒಂದು ಯೆಜ್ಡಿ ಮಾತ್ರ ಕಡಿಮೆಯಾಗುತ್ತದೆ. ಆ ಟ್ಯಾಂಕು ಬಂದ ಮೂಲ ಜಾವಾದ ಕಥೆಯನ್ನೂ ವಿಚಾರಿಸಿದೆ. ಅದರ ಎಂಜಿನ್ ಒಬ್ಬರಿಗೆ, ಸೈಲೆನ್ಸರುಗಳು ಇನ್ನೊಬ್ಬರಿಗೆ, ಉಳಿದ ಚಾಸಿ ಗುಜರಿಗೆ. ಇಡೀ ಗಾಡಿಗಿಂತ ಬಿಡಿಭಾಗಕ್ಕೇ ಹೆಚ್ಚು ಬೆಲೆ ಸಿಗುವಾಗ ಹೀಗಾಗುವುದು ಸಹಜ. ಒಂದು ವೇಷಕ್ಕಾಗಿ ಎರಡು ಗಾಡಿಗಳು ಹೋದವು ಎಂದಂತಾಯಿತು. ಹೀಗೇ ಮುಂದುವರಿದರೆ ಇನ್ನು ಇಪ್ಪತ್ತು ವರ್ಷಕ್ಕೆ ಮೈಸೂರಿನ ಕಾರ್ಖಾನೆ ಅರವತ್ತರ ದಶಕದಲ್ಲಿ ಜಾವಾಗಳನ್ನು ರಾಶಿ ರಾಶಿ ತಯಾರಿಸಿತು, ಎಪ್ಪತ್ತರ ದಶಕದಲ್ಲಿ ಕೈಕಟ್ಟಿ ಕುಳಿತಿತ್ತು ಎಂದು ಯಾರಾದರೂ ಇತಿಹಾಸ ಬರೆದಾರು.

ವಾಸ್ತವವಾಗಿ ಎಪ್ಪತ್ತರ ದಶಕದ ಯೆಜ್ಡಿಯೇ ನಮ್ಮದೆನ್ನಲು ಹೆಚ್ಚು ಅರ್ಹ. ಜಾವಾ ಹೆಸರು ಎರವಲಿನದು. ಆ ಹೆಸರಿನ ಆಸರೆ ತಪ್ಪಿದ ಮೇಲೂ ಮೈಸೂರಿನ ಕೆಲಸಗಾರರು ಸ್ವಂತ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಗಾಡಿ ಮಾಡಿ ಮಾರಿದರಲ್ಲ, ಅದರ ಮೊದಲ ಘಟ್ಟದ ಸಾಕ್ಷಿ ಭಾವನವರ ಗಾಡಿ. ಅದಕ್ಕೆ ಹಳೆಯ ಹೆಸರಿನ ಮುಖವಾಡ ತೊಡಿಸುವುದು ನನಗೆ ಸರಿಕಾಣದು.

"ಮಾವ, ಆರ್.ಸಿ.ಯಲ್ಲೇ ಐಡಿಯಲ್ ಜಾವಾ ಅಂತ ಇದೆಯಲ್ಲ" ಎಂದು ಅಳಿಯ ವಾದಿಸಿದ. ಇದ್ದೇ ಇದೆ, ಅದು ತಯಾರಕರ ಹೆಸರು. ಎರಡು ಬಗೆಯ ಗಾಡಿಗಳಿಗೂ ತಯಾರಕರು ಅವರೇ. ಕೊಳ್ಳುವವರು ಎಡವುವುದೂ ಇಲ್ಲಿಯೇ. ಮಾರುವವನು ಆ ಸಾಲನ್ನು ಬೆರಳಿಟ್ಟು ತೋರಿಸುತ್ತಾನೆ, ತಯಾರಾದ ವರ್ಷದ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡಿರುತ್ತಾನೆ. ನನ್ನ ಅಳಿಯ ಮಾರುವವನಲ್ಲ, ಒಪ್ಪಿದೆ. ಆದರೆ ಗಾಡಿಗಳು ನಮಗಿಂತ ಹೆಚ್ಚು ಬಾಳುತ್ತವೆ. ಅವನ ಮಗನೋ ಮೊಮ್ಮಗನೋ ಎಂದಾದರೂ ಮಾರುವಾಗ, ಕೊಟ್ಟಿಗೆಯಲ್ಲಿದ್ದ ಅಜ್ಜನ ಜಾವಾ ಎಂದು ಒಳ್ಳೆಯ ನಂಬಿಕೆಯಿಂದಲೇ ಸುಳ್ಳು ಹೇಳುತ್ತಾರೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಿಮ್ಮಲ್ಲಿ ಎಷ್ಟೋ ಜನ ಶಾಲಾ ದಾಖಲೆಯ ಪ್ರಕಾರ ಜೂನ್ 1ರಂದು ಹುಟ್ಟಿದವರು. ತಂದೆತಾಯಿಗೆ ತಾರೀಖು ಗೊತ್ತಿಲ್ಲದಿದ್ದಾಗ ಹೆಡ್‌ಮಾಸ್ಟರು ಶಾಲೆ ತೆರೆಯುವ ದಿನವನ್ನೇ ಬರೆದುಕೊಂಡು ಮಗುವನ್ನು ಸೇರಿಸಿಕೊಳ್ಳುತ್ತಿದ್ದರು. ಅದೂ ನಿಜವಲ್ಲ, ಆದರೆ ಮಗು ಒಳಗೆ ಬರಲೆಂದು ಬರೆದದ್ದು. ದಾಖಲಾತಿ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಬದಲಿಸಲು ಕೋರ್ಟಿನ ಆದೇಶವೇ ಬೇಕೆಂಬ ನಿಯಮ ಏಕೆಂದು ಆಗ ಅನೇಕರು ನನ್ನ ಮೇಲೆ ರೇಗಿದ್ದಾರೆ. ಮನಸ್ಸು ಬಂದಂತೆ ತಿದ್ದಲು ಬಿಟ್ಟರೆ ಆ ಪುಸ್ತಕವನ್ನು ಯಾರು ನಂಬುತ್ತಾರೆ?

ಕಾನೂನನ್ನೂ ಸ್ವಲ್ಪ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ನೋಂದಣಿ ಪುಸ್ತಕದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಟ್ಯಾಂಕು ಬದಲಿಸಿದ್ದಕ್ಕೆ ದಾರಿಯಲ್ಲಿ ಯಾರೂ ಹಿಡಿದು ನಿಲ್ಲಿಸಲಾರರು, ಆ ಮಾತು ಬೇರೆ. ಆದರೆ ಅಳಿಯ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ನಿಯಮವಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿಸಿಕೊಂಡ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ 'ವಿ.ಎ.' ಅಕ್ಷರಗಳಿರುವ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ ಇತ್ಯಾದಿಗೆ ಮಾತ್ರ. ಆ ನಂಬರು ಬೇಕೋ ಬೇಡವೋ ಅವನಿಷ್ಟ. ಆದರೆ ಗಮನಿಸಿ, 1974ರ ಯೆಜ್ಡಿಗೆ ಐವತ್ತು ತುಂಬಿದೆ! ಹಳೆಯದೆನಿಸಿಕೊಳ್ಳಲು ಅದು ಈಗ ಯಾರ ಮುಖವನ್ನೂ ಎರವಲು ತರಬೇಕಾಗಿಲ್ಲ. ಇರುವ ಮೈಯನ್ನು ಕೆಡಿಸಿಕೊಂಡು ಅರ್ಜಿಯೊಡನೆ ಹೋದರೆ ಅಧಿಕಾರಿ ಏನೆಂದಾನು?

ಗ್ಯಾರೇಜಿನವನಿಗೆ ನನ್ನ ಉತ್ತರ ಇದು. ನಿನ್ನ ಹೊಟ್ಟೆಪಾಡಿಗೆ ಕಲ್ಲು ಹಾಕಲು ನಾನು ಬರೆಯುತ್ತಿಲ್ಲ. ಬೋಲ್ಟು ಬಿಚ್ಚಿ ಹಾಕುವ ಯಾವುದನ್ನು ಬೇಕಾದರೂ ಹಾಕು, ನಾಳೆ ಬಿಚ್ಚಬಹುದು. ಗ್ಯಾಸ್ ಕಟರು, ವೆಲ್ಡಿಂಗ್ ಕಡ್ಡಿಗಳನ್ನು ಮಾತ್ರ ಚಾಸಿಯ ಹತ್ತಿರ ತರಬೇಡ. ಬಿಚ್ಚಿದ ಯೆಜ್ಡಿ ಟ್ಯಾಂಕನ್ನು ಒಳಗೆ ಎಣ್ಣೆ ಸವರಿ, ಚೀಟಿ ಕಟ್ಟಿ, ಗಿರಾಕಿಯ ಕೈಗೇ ಕೊಡು. ನಿನ್ನ ಅಟ್ಟಕ್ಕೆ ಏರಿಸಬೇಡ. ಬಿಲ್ಲಿನಲ್ಲಿ 'ಯೆಜ್ಡಿ 1974, ಜಾವಾ ಟ್ಯಾಂಕು ಅಳವಡಿಸಿದೆ' ಎಂದು ಬರೆ. ಹಾಗೆ ಬರೆಯಲು ಒಪ್ಪದ ಗಿರಾಕಿ ಬಂದರೆ ಅವನ ಉದ್ದೇಶ ನಿನಗೇ ತಿಳಿಯುತ್ತದೆ. ಇನ್ನು ಚಾಸಿ ನಂಬರು ಉಜ್ಜುವ ಮಾತೆತ್ತಿದವನನ್ನು ಅಂಗಳದಿಂದಲೇ ಕಳಿಸು, ಅದು ಅಪರಾಧ.

ಅಳಿಯನಿಗೆ ಹೇಳುವುದು ಇಷ್ಟಾದರೂ ಉಳಿದಿದೆ. ಜಾವಾದ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಕಣ್ಣಿದ್ದವರು ಯಾರೂ ಅಲ್ಲಗಳೆಯಲಾರರು. ಅಷ್ಟು ಆಸೆಯಿದ್ದರೆ ಒಂದು ನಿಜವಾದ ಜಾವಾ ಹುಡುಕೋಣ, ಜೊತೆಗೆ ನಾನೂ ಬರುತ್ತೇನೆ. ನಿಮ್ಮಪ್ಪ 1974ರಲ್ಲಿ ಅಂಗಡಿಯಲ್ಲಿ ನಿಂತು ಆರಿಸಿಕೊಂಡದ್ದು ಯೆಜ್ಡಿಯನ್ನು. ಅದರ ಟ್ಯಾಂಕಿನ ಬಲಗಡೆಯ ತಗ್ಗು ಪಾವಗಡ ರಸ್ತೆಯಲ್ಲಿ ಎತ್ತಿನ ಗಾಡಿಯ ಮೂಕಿ ತಾಗಿ ಆದದ್ದು. ಹಿಂದೆ ನಾನು ಕೂತಿದ್ದೆ, ಆಗಿನ್ನೂ ಹೈಸ್ಕೂಲು ಹುಡುಗ. ನಿನ್ನಮ್ಮನ ಮಾತನ್ನೂ ತಿಳಿಸಿಬಿಡುತ್ತೇನೆ, ನಿನ್ನೆದುರು ಅವರು ಹೇಳಲಿಲ್ಲವಂತೆ: "ಆ ಗಾಡಿ ಮಖ ಕಂಡ್ರೆ ಅವ್ರೇ ಮಂಡಿಯಿಂದ ಬಂದಂಗಾಗ್ತೈತೆ. ಬೇರೆ ಮಖ ಹಾಕಿದ್ರೆ ನಂಗೆ ಗುರ್ತು ಹತ್ತಲ್ಲ." ಅಂದ ಹಾಗೆ, ಭಾವನವರ ನಂತರ ಆರ್.ಸಿ. ವರ್ಗಾವಣೆಯಾಗಿರುವುದು ಅವರ ಹೆಸರಿಗೆ. ಕಾನೂನಿನಂತೆ ಗಾಡಿಯ ಒಡತಿ ಅಕ್ಕ. ನಾವಿಬ್ಬರೂ ಬರೀ ಸಲಹೆಗಾರರು.

ಸಂಕ್ರಾಂತಿಗೆ ಅವನು ಊರಿಗೆ ಬರುತ್ತಾನೆ. ಅಷ್ಟರೊಳಗೆ ತಗ್ಗನ್ನು ಹಾಗೆಯೇ ಬಿಟ್ಟು ಟ್ಯಾಂಕಿನ ಒಳತುಕ್ಕನ್ನು ಮಾತ್ರ ತೊಳೆದಿಡಲು ಗ್ಯಾರೇಜಿನವನಿಗೆ ಹೇಳಿದ್ದೇನೆ. ಎಡಗಡೆಯ ಟೂಲ್ ಬಾಕ್ಸಿನ ಮುಚ್ಚಳ ಕಳೆದುಹೋಗಿದೆ, ಯೆಜ್ಡಿ ಲಾಂಛನದಲ್ಲೂ ಒಂದು ಇಲ್ಲ. ನಿಮ್ಮ ಮನೆಯ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಇವು ಇದ್ದರೆ ದಯವಿಟ್ಟು ತಿಳಿಸಿ. ಮುಚ್ಚಳ ಯಾವ ವರ್ಷದ್ದಾದರೂ ಆದೀತು, ಯಾವ ವರ್ಷದ್ದೆಂದು ಮಾತ್ರ ಹೇಳಿ, ಪುಸ್ತಕದಲ್ಲಿ ಬರೆದುಕೊಳ್ಳಬೇಕು.